ಹೊರಗಿನವರು ಕಟ್ಟಿದ ಇಂಗ್ಲೆಂಡ್

ಲಂಡನ್ ಫಿಲ್ಮ್ಸ್ ಕಂಪನಿಯ ಹಳೆಯ ಚಿತ್ರ ನೋಡಲು ಕೂತರೆ ಮೊದಲು ಕಾಣುವುದು ಬಿಗ್ ಬೆನ್ ಗಡಿಯಾರ. ಗಂಟೆ ಹೊಡೆಯುತ್ತದೆ, ಆಮೇಲೆ ಹೆಸರುಗಳು ಬರುತ್ತವೆ. ಇಡೀ ಇಂಗ್ಲೆಂಡೇ ಎದ್ದು ನಿಂತು ಮಾತಾಡುತ್ತಿದೆ ಅನಿಸುತ್ತದೆ. ಆ ಕಂಪನಿ ಕಟ್ಟಿದವರು ಅಲೆಕ್ಸಾಂಡರ್ ಕೋರ್ಡಾ. ಹಂಗೆರಿಯವರು. ಬುಡಾಪೆಸ್ಟ್, ವಿಯೆನ್ನಾ, ಬರ್ಲಿನ್, ಹಾಲಿವುಡ್, ಪ್ಯಾರಿಸ್ ಎಲ್ಲ ಸುತ್ತಿ ಲಂಡನ್ನಿಗೆ ಬಂದವರು. 1933ರಲ್ಲಿ ಎಂಟನೇ ಹೆನ್ರಿ ರಾಜನ ಬಗ್ಗೆ ಅವರು ಮಾಡಿದ ಚಿತ್ರ ಜಗತ್ತೆಲ್ಲ ಓಡಿತು. ಅದರ ನಾಯಕ ಚಾರ್ಲ್ಸ್ ಲಾಟನ್‌ಗೆ ಆಸ್ಕರ್ ಬಂತು. ಬ್ರಿಟನ್ನಿನಲ್ಲೂ ದೊಡ್ಡ ಸಿನಿಮಾ ಮಾಡಬಹುದು ಅಂತ ಬ್ರಿಟಿಷರಿಗೇ ಧೈರ್ಯ ಕೊಟ್ಟದ್ದು ಈ ಹಂಗೆರಿಯವರು.

ನಾನು ಇವತ್ತು ಹೇಳಬೇಕು ಅಂದುಕೊಂಡಿರುವುದು ಇದನ್ನೇ. ಹಳೆಯ ಬ್ರಿಟಿಷ್ ಚಿತ್ರಗಳಲ್ಲಿ ನನಗೆ ಅತಿ ಇಷ್ಟವಾದವನ್ನು ಒಂದು ಕಡೆ ಇಟ್ಟುಕೊಂಡು ನೋಡಿದರೆ, ಅವುಗಳ ಹಿಂದೆ ಬಹಳಷ್ಟು ಸಲ ಹೊರಗಿನಿಂದ ಬಂದವರು ಇದ್ದಾರೆ. ಕೆಲವರು ಹಿಟ್ಲರನಿಂದ ತಪ್ಪಿಸಿಕೊಂಡು ಬಂದವರು. ಕೆಲವರು ಕೆಲಸ ಹುಡುಕಿಕೊಂಡು ಬಂದವರು. ಒಬ್ಬನನ್ನಂತೂ ನಮ್ಮ ಜಿಲ್ಲೆಯಿಂದಲೇ ಹಡಗು ಹತ್ತಿಸಿ ಕರೆದುಕೊಂಡು ಹೋದರು. ಇಂಗ್ಲೆಂಡಿನವರು ತಮ್ಮದು ಅಂತ ಎದೆಗೆ ಅಪ್ಪಿಕೊಳ್ಳುವ ಎಷ್ಟೋ ದೃಶ್ಯಗಳನ್ನು ಕಂಡ ಕಣ್ಣು ಇವರದು. ಅಲ್ಲೇ ಹುಟ್ಟಿದವರಿಗೆ ಅಭ್ಯಾಸವಾಗಿ ಹೋಗಿದ್ದು ಇವರಿಗೆ ಹೊಸದಾಗಿ ಕಂಡಿತು. ಹಾಗಾಗಿ ಅದನ್ನು ಹಿಡಿದಿಟ್ಟರು.

ಮೈಸೂರಿನಲ್ಲಿ ನಿಂತು ಮಾತಾಡುತ್ತಿರುವಾಗ ಸಾಬುವಿನಿಂದ ಶುರು ಮಾಡದೆ ಇರುವುದು ಹೇಗೆ? ಇವತ್ತು ಕಬಿನಿಗೆ ಸಫಾರಿಗೆಂದು ಹೋಗುವವರು ಇಳಿಯುವುದು ಕಾರಾಪುರದಲ್ಲಿ. 1924ರಲ್ಲಿ ಸಾಬು ಹುಟ್ಟಿದ್ದು ಅಲ್ಲೇ. ಅಪ್ಪ ಮಾವುತ. ಅಪ್ಪ ತೀರಿಕೊಂಡ ಮೇಲೆ ಹುಡುಗ ಮಹಾರಾಜರ ಆನೆಲಾಯದಲ್ಲಿ ಬೆಳೆಯುತ್ತಿದ್ದ. ನಾಲ್ವಡಿಯವರ ಕಾಲ ಅದು. ಕಿಪ್ಲಿಂಗ್ ಬರೆದ ಮಾವುತ ಹುಡುಗನ ಕತೆಯೊಂದನ್ನು ಸಿನಿಮಾ ಮಾಡಲು ಕೋರ್ಡಾ ಕಂಪನಿಯ ತಂಡ ಮೈಸೂರಿಗೆ ಬಂತು. ತಂಡದ ಮುಖ್ಯಸ್ಥ ರಾಬರ್ಟ್ ಫ್ಲಹರ್ಟಿ ಅಮೆರಿಕದವರು. ಹಿಮದ ನಾಡಿನ ಇನ್ಯೂಟ್ ಜನರ ಬಗ್ಗೆ 'ನಾನೂಕ್ ಆಫ್ ದ ನಾರ್ತ್' ಮಾಡಿ ಹೆಸರಾದವರು. ಛಾಯಾಗ್ರಾಹಕ ಓಸ್ಮಂಡ್ ಬೊರಾಡೈಲ್ ಕೆನಡಾದವರು. ಇವರ ಕಣ್ಣಿಗೆ ಸಾಬು ಬಿದ್ದ.

'ಎಲಿಫೆಂಟ್ ಬಾಯ್' 1937ರಲ್ಲಿ ಬಂತು. ಕತೆ ದೊಡ್ಡದೇನಲ್ಲ. ಅರ್ಧ ಮೈಸೂರಿನ ಕಾಡಿನಲ್ಲಿ ತೆಗೆದದ್ದು, ಇನ್ನರ್ಧ ಲಂಡನ್ ಪಕ್ಕದ ಡೆನಮ್ ಸ್ಟುಡಿಯೋದಲ್ಲಿ ಕೋರ್ಡಾ ತಮ್ಮ ಜೋಲ್ಟಾನ್ ತೆಗೆದದ್ದು. ಎರಡರ ಹೊಲಿಗೆ ಎದ್ದು ಕಾಣುತ್ತದೆ. ಸ್ಟುಡಿಯೋದ ಕಾಡಿನಲ್ಲಿ ದೊರೆಗಳು ಕೂತು ಮಾತಾಡುವಾಗ ನನಗೆ ಬೇಸರವೇ ಆಗುತ್ತದೆ. ಆದರೆ ಸಾಬು ಆನೆಯ ಜೊತೆ ಇರುವಾಗ ನೋಡಿ. ಆನೆಯ ಮೇಲೆ ಏರುವುದು, ಅದರ ಹತ್ತಿರ ಮಾತಾಡುವುದು, ಅದನ್ನು ಉಜ್ಜಿ ತೊಳೆಯುವುದು. ಅಲ್ಲಿ ನಟನೆ ಕಲಿಸಿಕೊಟ್ಟವರು ಯಾರೂ ಇಲ್ಲ. ಆ ಸಲಿಗೆ ಅವನ ಮನೆಯಿಂದ ಬಂದದ್ದು. ಆ ವರ್ಷ ವೆನಿಸ್ ಚಿತ್ರೋತ್ಸವದಲ್ಲಿ ಫ್ಲಹರ್ಟಿ ಮತ್ತು ಜೋಲ್ಟಾನ್ ಕೋರ್ಡಾಗೆ ನಿರ್ದೇಶನದ ಪ್ರಶಸ್ತಿ ಬಂತು. ನನ್ನ ಲೆಕ್ಕದಲ್ಲಿ ಅದರ ದೊಡ್ಡ ಪಾಲು ಕಾರಾಪುರದ ಹುಡುಗನಿಗೆ ಸೇರಬೇಕು.

ಅಣ್ಣನ ಜೊತೆ ಇಂಗ್ಲೆಂಡಿಗೆ ಹೋದ ಸಾಬು ಅಲ್ಲಿ ಶಾಲೆ ಸೇರಿದ, ಇಂಗ್ಲಿಷ್ ಕಲಿತ, ತಾರೆಯಾದ. 1940ರ 'ದಿ ಥೀಫ್ ಆಫ್ ಬಾಗ್ದಾದ್' ಚಿತ್ರದಲ್ಲಿ ಕಳ್ಳ ಹುಡುಗ ಅಬು ಆಗಿ ಅವನು ಇಡೀ ಚಿತ್ರವನ್ನು ಹೊತ್ತು ನಡೆಯುತ್ತಾನೆ. ರಾಜಕುಮಾರ, ರಾಜಕುಮಾರಿ ಇಬ್ಬರೂ ಅವನ ಮುಂದೆ ಸಪ್ಪೆ. ಅದರ ಖಳ ಜಾಫರ್ ಆಗಿ ನಟಿಸಿದ ಕಾನ್ರಾಡ್ ವೈಟ್ ಕೂಡ ನಾಜಿಗಳ ದೆಸೆಯಿಂದ ಜರ್ಮನಿ ಬಿಟ್ಟು ಬಂದವರು. ಯುದ್ಧ ಶುರುವಾಗಿ ಚಿತ್ರದ ಉಳಿದ ಕೆಲಸ ಅಮೆರಿಕದಲ್ಲಿ ಮುಗಿಯಿತು. ಸಾಬು ಆಮೇಲೆ ಅಲ್ಲಿನ ಪ್ರಜೆಯಾದ, ಅಮೆರಿಕದ ವಾಯುಪಡೆಯಲ್ಲಿ ಗನ್ನರ್ ಆಗಿ ಯುದ್ಧ ಮಾಡಿ ಪದಕ ಪಡೆದ. 1963ರಲ್ಲಿ ಹೃದಯಾಘಾತದಿಂದ ಹೋದಾಗ ಅವನಿಗೆ ಬರೀ 39 ವರ್ಷ. ನಮ್ಮೂರಿನಲ್ಲಿ ಅವನ ನೆನಪು ಇನ್ನೂ ಜಾಸ್ತಿ ಇರಬೇಕಿತ್ತು ಅಂತ ನನಗೆ ತುಂಬ ಅನಿಸುತ್ತದೆ. ಸಾಬು ಇನ್ನೊಂದು ಚಿತ್ರದಲ್ಲಿ ಮತ್ತೆ ಬರುತ್ತಾನೆ, ಅದಕ್ಕೆ ಆಮೇಲೆ ಬರೋಣ.

ಈಗ ಎಮೆರಿಕ್ ಪ್ರೆಸ್‌ಬರ್ಗರ್. ಈ ಹೆಸರನ್ನು ನೀವು ಮೈಕೆಲ್ ಪೊವೆಲ್ ಹೆಸರಿನ ಜೊತೆಗೇ ಕೇಳಿರುತ್ತೀರಿ. ಪ್ರೆಸ್‌ಬರ್ಗರ್ ಹಂಗೆರಿಯ ಯಹೂದಿ. ಬರ್ಲಿನ್ನಿನ ದೊಡ್ಡ ಸ್ಟುಡಿಯೋದಲ್ಲಿ ಚಿತ್ರಕತೆ ಬರೆಯುತ್ತಿದ್ದರು. ಹಿಟ್ಲರ್ ಬಂದ ಮೇಲೆ ಪ್ಯಾರಿಸ್ಸಿಗೆ ಓಡಿದರು, 1935ರಲ್ಲಿ ಲಂಡನ್ನಿಗೆ. ಆಗ ಅವರಿಗೆ ಮೂವತ್ತು ದಾಟಿತ್ತು. ಇಂಗ್ಲಿಷನ್ನು ಆ ವಯಸ್ಸಿನಲ್ಲಿ ಕಲಿತರು. ಪೊವೆಲ್ ಇಂಗ್ಲೆಂಡಿನ ಕೆಂಟ್ ಸೀಮೆಯ ರೈತನ ಮಗ. ಇವರಿಬ್ಬರನ್ನು ಒಟ್ಟಿಗೆ ಕೂರಿಸಿದ್ದು ಮತ್ತೆ ಅದೇ ಕೋರ್ಡಾ. ಆಮೇಲೆ ಇಬ್ಬರೂ ಸೇರಿ 'ಆರ್ಚರ್ಸ್' ಎಂಬ ಕಂಪನಿ ಕಟ್ಟಿದರು. ಬರವಣಿಗೆ, ನಿರ್ಮಾಣ, ನಿರ್ದೇಶನ ಮೂರಕ್ಕೂ ಇಬ್ಬರ ಹೆಸರನ್ನೂ ಸಮವಾಗಿ ಹಾಕಿಕೊಂಡರು. ನಿರ್ದೇಶಕನೇ ದೇವರು ಎನ್ನುವ ಕ್ಷೇತ್ರದಲ್ಲಿ ಪೊವೆಲ್ ಇದಕ್ಕೆ ಒಪ್ಪಿದ್ದು ಸಣ್ಣ ಮಾತಲ್ಲ.

1943ರಲ್ಲಿ ಇವರು ಮಾಡಿದ ಚಿತ್ರ 'ದಿ ಲೈಫ್ ಅಂಡ್ ಡೆತ್ ಆಫ್ ಕರ್ನಲ್ ಬ್ಲಿಂಪ್'. ಯುದ್ಧ ನಡೆಯುತ್ತಿದೆ. ಡೇವಿಡ್ ಲೋ ಎಂಬ ವ್ಯಂಗ್ಯಚಿತ್ರಕಾರ ಪತ್ರಿಕೆಯಲ್ಲಿ ಬರೆಯುತ್ತಿದ್ದ ಪಾತ್ರ ಕರ್ನಲ್ ಬ್ಲಿಂಪ್. ದಪ್ಪ ಹೊಟ್ಟೆ, ಜೋಲು ಮೀಸೆ, ಹಳೆಯ ಕಾಲದ ತಲೆ. ನಗುವುದಕ್ಕೆಂದೇ ಇದ್ದ ಆ ಮುದುಕನನ್ನು ಇವರು ತೆಗೆದುಕೊಂಡು, ಅವನಿಗೆ ಒಂದು ಯೌವನ ಕೊಟ್ಟರು. ಕ್ಲೈವ್ ಕ್ಯಾಂಡಿ ಅಂತ ಹೆಸರಿಟ್ಟು, 1902ರ ಬರ್ಲಿನ್ನಿನಿಂದ ಹಿಡಿದು ಎರಡನೇ ಮಹಾಯುದ್ಧದವರೆಗೆ ಅವನ ಜೊತೆ ನಡೆಯುತ್ತಾರೆ. ಶುರುವಿನಲ್ಲಿ ನಮಗೂ ಅವನು ಕೂಗಾಡುವ ಮುದುಕ. ಎರಡೂವರೆ ಗಂಟೆ ಆದಮೇಲೆ ಅವನು ನಮ್ಮ ಮನೆಯ ಹಿರಿಯ.

ಆ ಚಿತ್ರದ ಒಂದು ದೃಶ್ಯ ಹೇಳುತ್ತೇನೆ. ಯುವಕ ಕ್ಯಾಂಡಿ ಬರ್ಲಿನ್ನಿನಲ್ಲಿ ಜರ್ಮನ್ ಸೇನೆಗೆ ಅವಮಾನವಾಗುವ ಹಾಗೆ ಮಾತಾಡಿದ್ದಾನೆ. ಕತ್ತಿ ಕಾಳಗ ನಡೆಯಬೇಕು. ಎದುರಾಳಿಯನ್ನು ಚೀಟಿ ಎತ್ತಿ ಆರಿಸಿದ್ದಾರೆ, ಇಬ್ಬರಿಗೂ ಪರಿಚಯವೇ ಇಲ್ಲ. ದೊಡ್ಡ ವ್ಯಾಯಾಮ ಶಾಲೆ. ನಿಯಮಗಳನ್ನು ಒಂದೊಂದಾಗಿ ಓದುತ್ತಾರೆ. ತೋಳು ಎಷ್ಟು ಮಡಿಸಬೇಕು, ಎಲ್ಲಿ ನಿಲ್ಲಬೇಕು, ಎಲ್ಲ. ಇಷ್ಟೊಂದು ತಯಾರಿ ನೋಡಿ ನಾವು ಕಾಳಗಕ್ಕೆ ತುದಿಗಾಲಲ್ಲಿ ಕೂತಿರುತ್ತೇವೆ. ಕತ್ತಿಗೆ ಕತ್ತಿ ತಾಗುತ್ತದೆ. ಅಷ್ಟರಲ್ಲಿ ಕ್ಯಾಮೆರಾ ಮೇಲಕ್ಕೆ ಏರಲು ಶುರು ಮಾಡುತ್ತದೆ. ಏರಿ ಏರಿ ಮಾಡು ದಾಟಿ ಹೊರಗೆ ಹೋಗುತ್ತದೆ. ಹೊರಗೆ ಹಿಮ ಬೀಳುತ್ತಿದೆ. ರಸ್ತೆಯಲ್ಲಿ ಸಾರೋಟಿನೊಳಗೆ ಒಬ್ಬ ಹೆಣ್ಣು ಕಾಯುತ್ತಿದ್ದಾಳೆ. ಕಾಳಗ ನಮಗೆ ಕಾಣುವುದೇ ಇಲ್ಲ. ಯಾರು ಗೆದ್ದರು ಎನ್ನುವುದು ಈ ಕತೆಗೆ ಬೇಡ. ಗಾಯ ವಾಸಿ ಮಾಡಿಕೊಳ್ಳುತ್ತಾ ಆ ಇಬ್ಬರೂ ಜೀವದ ಗೆಳೆಯರಾಗುತ್ತಾರೆ, ಅದು ಬೇಕು.

ಆ ಜರ್ಮನ್ ಗೆಳೆಯನ ಹೆಸರು ಥಿಯೋ. ಪಾತ್ರ ಮಾಡಿದವರು ಆಂಟನ್ ವಾಲ್‌ಬ್ರೂಕ್. ವಿಯೆನ್ನಾದವರು, ಹುಟ್ಟಿದಾಗ ಇಟ್ಟ ಹೆಸರು ಅಡಾಲ್ಫ್. ನಾಜಿಗಳ ಜರ್ಮನಿಯನ್ನು ಬಿಟ್ಟು ಬಂದಾಗ ಆ ಹೆಸರನ್ನೂ ಬಿಟ್ಟರು. ಚಿತ್ರದಲ್ಲಿ ಥಿಯೋ ಮುದುಕನಾಗಿ, ನಿರಾಶ್ರಿತನಾಗಿ ಇಂಗ್ಲೆಂಡಿಗೆ ಬಂದು ಅಧಿಕಾರಿಯ ಮುಂದೆ ಕೂರುತ್ತಾನೆ. ಯಾಕೆ ಬಂದೆ ಅಂತ ಅಧಿಕಾರಿ ಕೇಳುತ್ತಾನೆ. ಥಿಯೋ ಹೇಳುತ್ತಾ ಹೋಗುತ್ತಾನೆ. ಹೆಂಡತಿ ಇಂಗ್ಲೆಂಡಿನವಳು, ತೀರಿಕೊಂಡಳು. ಇಬ್ಬರು ಗಂಡುಮಕ್ಕಳು ನಾಜಿಗಳಾದರು, ತಾಯಿಯ ಮಣ್ಣಿಗೂ ಬರಲಿಲ್ಲ. ಹೆಂಡತಿ ಹುಟ್ಟಿದ ಹಸಿರು ಸೀಮೆ ನೆನಪಾಯಿತು, ಬಂದೆ. ಕ್ಯಾಮೆರಾ ಬಹುಪಾಲು ಹೊತ್ತು ಅವನ ಮುಖದ ಮೇಲೇ ಇರುತ್ತದೆ. ಹಿನ್ನೆಲೆ ಸಂಗೀತ ಇಲ್ಲ. ಆ ಮಾತುಗಳನ್ನು ಬರೆದ ಪ್ರೆಸ್‌ಬರ್ಗರ್ ಕೂಡ ಅಂಥದ್ದೇ ಮೇಜಿನ ಮುಂದೆ ಕಾಗದ ಹಿಡಿದು ನಿಂತವರು. ಅವರ ತಾಯಿ ಹಂಗೆರಿಯಲ್ಲೇ ಉಳಿದಿದ್ದರು. ಮುಂದೆ ನಾಜಿಗಳ ಆಶ್ವಿಟ್ಸ್ ಶಿಬಿರದಲ್ಲಿ ಸತ್ತರು.

ಇನ್ನೂ ಒಂದು ವಿಷಯ. ಯುದ್ಧವನ್ನು ಸಭ್ಯವಾಗಿ, ನಿಯಮದಂತೆ ಮಾಡಬೇಕು ಎನ್ನುವುದು ಕ್ಯಾಂಡಿಯ ನಂಬಿಕೆ. ಈ ಸಲದ ಶತ್ರು ಅಂಥವನಲ್ಲ, ನೀನು ಸಭ್ಯವಾಗಿ ಸೋತರೆ ಮುಂದೆ ಸಭ್ಯತೆಯೇ ಉಳಿಯುವುದಿಲ್ಲ ಅಂತ ಚಿತ್ರದಲ್ಲಿ ಅವನಿಗೆ ಬಿಡಿಸಿ ಹೇಳುವುದು ಯಾರು? ಆ ಜರ್ಮನ್ ಗೆಳೆಯ. 1943ರಲ್ಲಿ, ಬಾಂಬ್ ಬೀಳುತ್ತಿರುವಾಗ, ಚಿತ್ರದ ಅತಿ ತಿಳಿವಳಿಕೆಯ ಮಾತನ್ನು ಜರ್ಮನ್ ಒಬ್ಬನ ಬಾಯಲ್ಲಿ ಹಾಕಿದ್ದಾರೆ. ಚರ್ಚಿಲ್‌ಗೆ ಈ ಚಿತ್ರದ ಮೇಲೆ ಕೋಪ ಬಂದಿತ್ತು. ನಿಲ್ಲಿಸಿ ಅಂತ ತಮ್ಮ ಮಂತ್ರಿಗೆ ಬರೆದರು. ನಿಲ್ಲಿಸುವ ಅಧಿಕಾರ ಸರ್ಕಾರಕ್ಕೆ ಇಲ್ಲ ಅಂತ ಉತ್ತರ ಬಂತು. ಸೇನೆ ಸಹಾಯ ಮಾಡಲಿಲ್ಲ, ಹೊರದೇಶಕ್ಕೆ ಹೋಗುವುದು ತಡವಾಯಿತು. ಆದರೂ ಯುದ್ಧದ ನಡುವೆ, ಪ್ರಧಾನಿಗೆ ಬೇಡವಾದ ಚಿತ್ರವೊಂದು ಲಂಡನ್ನಿನ ಥಿಯೇಟರಿನಲ್ಲೇ ಓಡಿತು. ಇದನ್ನು ನೆನೆದಾಗಲೆಲ್ಲ ನನಗೆ ಆ ದೇಶದ ಮೇಲೆ ಗೌರವ ಬರುತ್ತದೆ.

ಇದೇ ಜೋಡಿಯ 1945ರ ಚಿತ್ರ 'ಐ ನೋ ವೇರ್ ಐ ಆಮ್ ಗೋಯಿಂಗ್'. ಜೋನ್ ಅಂತ ಒಬ್ಬ ಹುಡುಗಿ. ತನಗೆ ಏನು ಬೇಕು ಅಂತ ಚಿಕ್ಕಂದಿನಿಂದ ಅವಳಿಗೆ ಸ್ಪಷ್ಟ. ಸ್ಕಾಟ್‌ಲ್ಯಾಂಡಿನ ಒಂದು ದ್ವೀಪಕ್ಕೆ ಹೋಗಿ ದೊಡ್ಡ ಶ್ರೀಮಂತನನ್ನು ಮದುವೆಯಾಗಬೇಕು. ಮಲ್ ಎಂಬ ದ್ವೀಪದವರೆಗೆ ಬರುತ್ತಾಳೆ. ಅಲ್ಲಿಂದ ಮುಂದೆ ಗಾಳಿ ಬಿಡುವುದಿಲ್ಲ, ದೋಣಿ ಹೋಗುವುದಿಲ್ಲ. ಕಾಯಬೇಕು. ಕಾಯುವಾಗ ಅಲ್ಲಿನ ಜನರನ್ನು ನೋಡುತ್ತಾಳೆ. ಇಲ್ಲಿನವರು ಬಡವರು ಅಂತ ಅವಳು ಅಂದಾಗ, ಬಡವರಲ್ಲ, ಕೈಯಲ್ಲಿ ದುಡ್ಡಿಲ್ಲ ಅಷ್ಟೇ ಅಂತ ಅಲ್ಲಿನ ಯಜಮಾನ ಟಾರ್ಕ್ವಿಲ್ ಹೇಳುತ್ತಾನೆ. ದೋಣಿಗಳನ್ನು ನುಂಗುವ ಕಾರಿವ್ರೆಕನ್ ಸುಳಿ ನಿಜವಾಗಿ ಇದೆ, ಜುರಾ ಮತ್ತು ಸ್ಕಾರ್ಬಾ ದ್ವೀಪಗಳ ನಡುವೆ. ಛಾಯಾಗ್ರಾಹಕ ಎರ್ವಿನ್ ಹಿಲಿಯರ್ ಬರ್ಲಿನ್ನಿನಲ್ಲಿ ಹುಟ್ಟಿದವರು. ಆ ಮೋಡ, ಆ ನೀರು, ಮಂಜಿನಲ್ಲಿ ಮುಳುಗುವ ಗುಡ್ಡ ನೋಡಬೇಕು ನೀವು.

ಟಾರ್ಕ್ವಿಲ್ ಪಾತ್ರ ಮಾಡಿದ ರಾಜರ್ ಲಿವ್ಸಿಯೇ ಹಿಂದಿನ ಚಿತ್ರದ ಕರ್ನಲ್ ಕೂಡ. ಅವರು ಆಗ ಲಂಡನ್ನಿನಲ್ಲಿ ಒಂದು ನಾಟಕದಲ್ಲಿದ್ದರು. ಹಾಗಾಗಿ ಸ್ಕಾಟ್‌ಲ್ಯಾಂಡಿಗೆ ಹೋಗಲೇ ಇಲ್ಲ! ದೂರದ ದೃಶ್ಯಗಳಲ್ಲಿ ನಡೆಯುವುದು ಬೇರೆ ಒಬ್ಬರು, ಹತ್ತಿರದ ದೃಶ್ಯಗಳು ಸ್ಟುಡಿಯೋದಲ್ಲಿ. ಗೊತ್ತಿದ್ದು ನೋಡಿದರೂ ಕಂಡುಹಿಡಿಯುವುದು ಕಷ್ಟ. ಆ ಮಣ್ಣಿನ ಮಗ ಅಂದರೆ ಇವನೇ ಅನಿಸಿಬಿಡುತ್ತದೆ.

ಸಾಬು ಮತ್ತೆ ಬರುತ್ತಾನೆ ಅಂದಿದ್ದೆ ಅಲ್ವಾ? 1947ರ 'ಬ್ಲ್ಯಾಕ್ ನಾರ್ಸಿಸಸ್' ಅದು. ಹಿಮಾಲಯದ ಬೆಟ್ಟದ ತುದಿಯ ಹಳೆಯ ಅರಮನೆಯೊಂದಕ್ಕೆ ಐದು ಜನ ಕ್ರೈಸ್ತ ಸನ್ಯಾಸಿನಿಯರು ಬರುತ್ತಾರೆ. ಶಾಲೆ, ಆಸ್ಪತ್ರೆ ನಡೆಸಬೇಕು. ಒಂದು ಕಾಲಕ್ಕೆ ರಾಣಿವಾಸವಾಗಿದ್ದ ಜಾಗ, ಗೋಡೆಯ ಮೇಲೆ ಇನ್ನೂ ಆ ಚಿತ್ರಗಳಿವೆ. ಗಾಳಿ ಯಾವಾಗಲೂ ಬೀಸುತ್ತದೆ. ಮೆಲ್ಲಗೆ ಒಬ್ಬೊಬ್ಬರ ಮನಸ್ಸೂ ಕದಲುತ್ತದೆ. ತರಕಾರಿ ಬೆಳೆಯಬೇಕಾದ ಸನ್ಯಾಸಿನಿ ಹೂವಿನ ಗಿಡ ನೆಡುತ್ತಾಳೆ. ಹಿರಿಯಳಾದ ಕ್ಲೋಡಾ ತಾನು ಮರೆತೆ ಅಂದುಕೊಂಡಿದ್ದ ಊರನ್ನು, ಪ್ರೀತಿಯನ್ನು ನೆನೆಯುತ್ತಾಳೆ. ರುತ್ ಎಂಬವಳು ಮಠದ ಉಡುಪು ಬಿಟ್ಟು ಕೆಂಪು ಬಟ್ಟೆ ಉಟ್ಟು, ಕ್ಲೋಡಾಳ ಎದುರೇ ಕೂತು ತುಟಿಗೆ ಬಣ್ಣ ಹಚ್ಚುತ್ತಾಳೆ. ಅದಕ್ಕಿಂತ ಹೆದರಿಸುವ ದೃಶ್ಯ ನಾನು ದೆವ್ವದ ಸಿನಿಮಾಗಳಲ್ಲೂ ಕಂಡಿಲ್ಲ.

ಈ ಹಿಮಾಲಯವನ್ನು ಎಲ್ಲಿ ತೆಗೆದರು ಗೊತ್ತಾ? ಲಂಡನ್ ಹತ್ತಿರದ ಪೈನ್‌ವುಡ್ ಸ್ಟುಡಿಯೋದಲ್ಲಿ. ಗಾಜಿನ ಮೇಲೆ ಬರೆದ ಬೆಟ್ಟಗಳು, ಪರದೆಯ ಮೇಲಿನ ಕಣಿವೆಗಳು. ಕಾಡಿನ ದೃಶ್ಯಗಳಿಗೆ ಸಸೆಕ್ಸ್‌ನ ಒಂದು ದೊಡ್ಡ ತೋಟ. ಭಾರತಕ್ಕೆ ಯಾರೂ ಬರಲೇ ಇಲ್ಲ. ಅರಮನೆ ಕಟ್ಟಿದ ಕಲಾ ನಿರ್ದೇಶಕ ಆಲ್ಫ್ರೆಡ್ ಯುಂಗೆ ಜರ್ಮನಿಯವರು, ಅವರಿಗೆ ಆಸ್ಕರ್ ಬಂತು. ಬಣ್ಣದ ಮಾಯೆ ಮಾಡಿದ ಜಾಕ್ ಕಾರ್ಡಿಫ್ ಇಂಗ್ಲೆಂಡಿನವರು, ಅವರಿಗೂ ಬಂತು. ಮೂಲ ಕಾದಂಬರಿ ಬರೆದ ರೂಮರ್ ಗಾಡನ್ ಬಂಗಾಳದ ನಾರಾಯಣಗಂಜ್‌ನಲ್ಲಿ ಬೆಳೆದವರು.

ಭಾರತೀಯರಾಗಿ ನಮಗೆ ಚಿತ್ರದಲ್ಲಿ ಚುಚ್ಚುವ ಸಂಗತಿಗಳಿವೆ. ಕಾಂಚಿ ಎಂಬ ಹುಡುಗಿಯ ಪಾತ್ರಕ್ಕೆ ಜೀನ್ ಸಿಮನ್ಸ್‌ಗೆ ಕಂದು ಬಣ್ಣ ಬಳಿದಿದ್ದಾರೆ. ಅವಳಿಗೆ ಒಂದು ಮಾತೂ ಇಲ್ಲ. ಮುಖ್ಯ ಪಾತ್ರಗಳಲ್ಲಿ ಸಾಬು ಒಬ್ಬನೇ ನಿಜವಾದ ಭಾರತೀಯ. ಒಡವೆ, ಸೆಂಟು ಹಚ್ಚಿಕೊಂಡು ಪಾಠ ಕಲಿಯಲು ಬರುವ ಎಳೆಯ ಜನರಲ್ ಅವನು. ಇದೆಲ್ಲ ತಪ್ಪು, ತಪ್ಪು ಅಂತಲೇ ನೋಡಬೇಕು. ಆದರೂ ಈ ಚಿತ್ರ ನನಗೆ ಬೇಕು. ಯಾಕೆ ಅಂದರೆ ಕೊನೆಗೆ ಸನ್ಯಾಸಿನಿಯರು ಬೆಟ್ಟ ಇಳಿದು ಹೊರಟುಹೋಗುತ್ತಾರೆ. ಆ ಊರನ್ನು ತಿದ್ದಲು ಬಂದವರಿಂದ ಏನೂ ತಿದ್ದಲು ಆಗಲಿಲ್ಲ. ಊರು ತನ್ನ ಪಾಡಿಗೆ ಇದೆ, ಬೆಟ್ಟದ ಮೇಲೆ ಕೂತ ಸ್ವಾಮಿ ಕಣ್ಣು ಕೂಡ ತೆರೆದಿಲ್ಲ. ಇದು ಇಂಗ್ಲೆಂಡಿನಲ್ಲಿ ತೆರೆಗೆ ಬಂದ ಕೆಲವೇ ತಿಂಗಳಿಗೆ ಬ್ರಿಟಿಷರು ಭಾರತ ಬಿಟ್ಟರು. ಆಗಿನ ಪ್ರೇಕ್ಷಕರು ಅವರು ಬೆಟ್ಟ ಇಳಿದು ಹೋಗುವುದನ್ನು ಹೇಗೆ ನೋಡಿರಬಹುದು ಅಂತ ಯೋಚಿಸಿ.

ನಿಮ್ಮಲ್ಲಿ ಯಾರಾದರೂ ಈಗ ಎದ್ದು ನಿಂತು 'ಬ್ರೀಫ್ ಎನ್‌ಕೌಂಟರ್' ಬಗ್ಗೆ ಏನು ಹೇಳುತ್ತೀರಿ ಅಂತ ಕೇಳಬಹುದು. ಕೇಳಬೇಕು ಕೂಡ. 1945ರ ಆ ಚಿತ್ರಕ್ಕಿಂತ ಇಂಗ್ಲಿಷ್ ಆದದ್ದು ಇನ್ನೊಂದಿಲ್ಲ. ಬರೆದ ನೋಯಲ್ ಕವರ್ಡ್, ನಿರ್ದೇಶಿಸಿದ ಡೇವಿಡ್ ಲೀನ್, ನಟಿಸಿದ ಸೀಲಿಯಾ ಜಾನ್ಸನ್ ಮತ್ತು ಟ್ರೆವರ್ ಹೋವರ್ಡ್ ಎಲ್ಲರೂ ಇಂಗ್ಲಿಷರೇ. ಕತೆ ಇಷ್ಟೇ. ಮದುವೆಯಾದ ಲಾರಾ ಪ್ರತಿ ಗುರುವಾರ ಪಟ್ಟಣಕ್ಕೆ ಸಾಮಾನು ತರಲು ಬರುತ್ತಾಳೆ. ರೈಲ್ವೆ ಸ್ಟೇಷನ್ನಿನಲ್ಲಿ ಕಣ್ಣಿಗೆ ಕಿಟ್ಟ ಬೀಳುತ್ತದೆ. ಮದುವೆಯಾದ ಡಾಕ್ಟರೊಬ್ಬ ಅದನ್ನು ತೆಗೆಯುತ್ತಾನೆ. ಕೆಲವು ಗುರುವಾರ ಸೇರುತ್ತಾರೆ, ಪ್ರೀತಿಸುತ್ತಾರೆ, ಬಿಡುತ್ತಾರೆ.

ಚಿತ್ರ ಶುರುವಾಗುವುದೇ ಕೊನೆಯ ಭೇಟಿಯಿಂದ. ಇಬ್ಬರು ಟೀ ಅಂಗಡಿಯಲ್ಲಿ ಕೂತಿದ್ದಾರೆ. ಡಾಲಿ ಅಂತ ಒಬ್ಬ ಬಾಯಿಬಡಕಿ ಪರಿಚಯದವಳು ಬಂದು ನಡುವೆ ಕೂತು ಮಾತಾಡತೊಡಗುತ್ತಾಳೆ. ಅವನು ಎದ್ದು, ಲಾರಾಳ ಭುಜದ ಮೇಲೆ ಒಂದು ಕ್ಷಣ ಕೈ ಇಟ್ಟು ಹೋಗುತ್ತಾನೆ. ಮೊದಲ ಸಲ ನೋಡುವಾಗ ನಮಗೆ ಅದೊಂದು ಸಾಮಾನ್ಯ ವಿದಾಯ. ಇಡೀ ಕತೆ ತಿಳಿದ ಮೇಲೆ ಅದೇ ದೃಶ್ಯ ಮತ್ತೆ ಬರುತ್ತದೆ. ಈಗ ಆ ಕೈಯ ಭಾರ ಎಷ್ಟು ಅಂತ ನಮಗೆ ಗೊತ್ತು. ಡಾಲಿಯ ಒಂದೊಂದು ಮಾತೂ ಈಗ ಹಿಂಸೆ. ಕೊನೆಯ ಎರಡು ನಿಮಿಷವನ್ನೂ ಅವರಿಂದ ಕಿತ್ತುಕೊಂಡಳಲ್ಲ! ಅವರು ಅವಳನ್ನು ಹೋಗು ಅನ್ನುವುದಿಲ್ಲ. ಸಭ್ಯತೆ ಬಿಡುವುದಿಲ್ಲ.

ಆ ಜನ ಬಾಯಿ ಬಿಟ್ಟು ಹೇಳದ್ದನ್ನು ಹೇಳುವುದು ಸಂಗೀತ. ಅದು ರಷ್ಯಾದ ರಾಕ್ಮನಿನಾಫ್ ಬರೆದ ಎರಡನೇ ಪಿಯಾನೋ ಕಾನ್ಸರ್ಟೊ. ನುಡಿಸಿದ ಐಲೀನ್ ಜಾಯ್ಸ್ ಆಸ್ಟ್ರೇಲಿಯಾದವರು. ಛಾಯಾಗ್ರಾಹಕ ರಾಬರ್ಟ್ ಕ್ರಾಸ್ಕರ್ ಕೂಡ ಆಸ್ಟ್ರೇಲಿಯಾದವರು. ಡಾಕ್ಟರು ಹೋದ ಮೇಲೆ ಎಕ್ಸ್‌ಪ್ರೆಸ್ ರೈಲು ಬರುವ ಸದ್ದಾಗುತ್ತದೆ. ಲಾರಾಳ ಮುಖದ ಜೊತೆ ಇಡೀ ಚೌಕಟ್ಟು ನಿಧಾನವಾಗಿ ಓರೆಯಾಗುತ್ತದೆ. ಅವಳು ಪ್ಲಾಟ್‌ಫಾರ್ಮಿಗೆ ಓಡುತ್ತಾಳೆ. ಹಾದುಹೋಗುವ ರೈಲಿನ ಬೆಳಕು ಮುಖದ ಮೇಲೆ ಚಾಟಿಯ ಹಾಗೆ ಬೀಳುತ್ತದೆ. ಆ ಸ್ಟೇಷನ್ ಉತ್ತರದ ಕಾರ್ನ್‌ಫೋರ್ತ್. 1945ರ ಫೆಬ್ರವರಿ, ಇನ್ನೂ ಯುದ್ಧ ಇತ್ತು. ರಾತ್ರಿ ದೀಪ ಹಾಕಿ ಚಿತ್ರೀಕರಿಸಬೇಕು, ವಿಮಾನ ದಾಳಿಯ ಭಯ. ಲಂಡನ್ನಿನಿಂದ ಅಷ್ಟು ದೂರ ಇದ್ದರೆ ದೀಪ ಆರಿಸಲು ಸಮಯ ಸಿಗುತ್ತದೆ ಅಂತ ಆ ಊರನ್ನು ಆರಿಸಿದರು. ಗಮನಿಸಿದರೆ ಪ್ಲಾಟ್‌ಫಾರ್ಮಿನ ಫಲಕಗಳಲ್ಲಿ ಲೀಡ್ಸ್, ಬ್ರಾಡ್‌ಫರ್ಡ್ ಹೆಸರು ಕಾಣುತ್ತದೆ.

ಲೀನ್ ಹೆಸರು ಬಂತಲ್ಲ, ಹೇಳಿಬಿಡುತ್ತೇನೆ. ಅವರ ಕೊನೆಯ ಚಿತ್ರ 1984ರ 'ಎ ಪ್ಯಾಸೇಜ್ ಟು ಇಂಡಿಯಾ'. ಅದರ ದೊಡ್ಡ ಭಾಗ ಬೆಂಗಳೂರು, ರಾಮನಗರ, ಸಾವನದುರ್ಗದಲ್ಲಿ ತೆಗೆದದ್ದು. ಕತೆಯ ಮರಬಾರ್ ಬೆಟ್ಟ ಅಂತ ಜಗತ್ತು ನೋಡಿದ್ದು ನಮ್ಮ ಬಂಡೆಗಳನ್ನು. ಚಿತ್ರವಾಗಿ ನನಗೆ ಅದು ಅಷ್ಟು ಒಗ್ಗಲಿಲ್ಲ. ಇಂಗ್ಲಿಷ್ ನಟ ಅಲೆಕ್ ಗಿನ್ನೆಸ್‌ರನ್ನು ಭಾರತೀಯ ಪ್ರೊಫೆಸರ್ ಗೋಡ್ಬೋಲೆ ಮಾಡಿದ್ದು ಸರಿಯಲ್ಲ. ಪೆಗಿ ಆಶ್‌ಕ್ರಾಫ್ಟ್ ಅವರ ಮಿಸೆಸ್ ಮೂರ್‌ಗಾಗಿ ನೋಡಬಹುದು.

ಕ್ರಾಸ್ಕರ್‌ಗೆ ವಾಪಸ್ ಬರೋಣ. 1999ರಲ್ಲಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಇಪ್ಪತ್ತನೇ ಶತಮಾನದ 100 ಮೆಚ್ಚಿನ ಬ್ರಿಟಿಷ್ ಚಿತ್ರಗಳ ಪಟ್ಟಿ ಮಾಡಿತು. ಎರಡನೇ ಸ್ಥಾನ 'ಬ್ರೀಫ್ ಎನ್‌ಕೌಂಟರ್'. ಮೊದಲನೆಯದು 1949ರ 'ದಿ ಥರ್ಡ್ ಮ್ಯಾನ್'. ಎರಡನ್ನೂ ತೆಗೆದದ್ದು ಕ್ರಾಸ್ಕರ್. ಲಾರಾಳ ಮುಖದ ಹತ್ತಿರ ಒಂದು ಸಲ ಓರೆಯಾದ ಕ್ಯಾಮೆರಾ ಇಲ್ಲಿ ಮತ್ತೆ ಮತ್ತೆ ಓರೆಯಾಗುತ್ತದೆ. ಯುದ್ಧದ ನಂತರದ ವಿಯೆನ್ನಾ. ನಾಲ್ಕು ದೇಶಗಳು ಊರನ್ನು ಹಂಚಿಕೊಂಡಿವೆ. ಕಟ್ಟಡಗಳು ಕುಸಿದಿವೆ, ಕಾಳಸಂತೆ ಬೆಳೆದಿದೆ. ಇಂಥ ಊರಿನಲ್ಲಿ ಯಾವ ಗೆರೆಯೂ ನೆಟ್ಟಗೆ ಇರಲು ಸಾಧ್ಯವಿಲ್ಲ. ಈ ಕೆಲಸಕ್ಕೆ ಕ್ರಾಸ್ಕರ್‌ಗೆ ಆಸ್ಕರ್ ಬಂತು.

ಕಾದಂಬರಿಕಾರ ಗ್ರಹಾಂ ಗ್ರೀನ್‌ರನ್ನು ಕತೆಗಾಗಿ ವಿಯೆನ್ನಾಕ್ಕೆ ಕಳಿಸಿದ್ದು ಮತ್ತೆ ಕೋರ್ಡಾ. ಹಾಲಿ ಮಾರ್ಟಿನ್ಸ್ ಎಂಬ ಅಮೆರಿಕದ ಲೇಖಕ ಗೆಳೆಯ ಹ್ಯಾರಿ ಲೈಮ್‌ನನ್ನು ಹುಡುಕಿಕೊಂಡು ಬರುತ್ತಾನೆ. ಬಂದರೆ ಗೆಳೆಯನ ಅಂತ್ಯಕ್ರಿಯೆ ನಡೆಯುತ್ತಿದೆ. ಇಲ್ಲಿ ನಿರ್ದೇಶಕ ಕ್ಯಾರಲ್ ರೀಡ್ ಮಾಡಿದ್ದು ದೊಡ್ಡ ಕೆಲಸ. ವಿಯೆನ್ನಾದ ಜನ ಜರ್ಮನ್ ಮಾತಾಡುತ್ತಾರೆ, ಅದಕ್ಕೆ ಅನುವಾದ ಕೊಡುವುದಿಲ್ಲ. ಮಾರ್ಟಿನ್ಸ್‌ಗೆ ಅರ್ಥವಾಗದ್ದು ನಮಗೂ ಅರ್ಥವಾಗುವುದಿಲ್ಲ. ಒಂದು ಚಿಕ್ಕ ಹುಡುಗ ಅವನ ಕಡೆ ಬೆರಳು ತೋರಿಸಿ ಕೂಗುತ್ತಾನೆ. ಜನ ತಿರುಗಿ ನೋಡುತ್ತಾರೆ. ಅವನು ಕೊಲೆಗಾರ ಅಂದುಕೊಂಡಿದ್ದಾರೆ ಅಂತ ತಿಳಿಯುವಷ್ಟರಲ್ಲಿ ಓಡಬೇಕು. ಇಲ್ಲಿ ಇಂಗ್ಲಿಷ್ ಮಾತಾಡುವವನೇ ಹೊರಗಿನವನು. ಅವನಿಗೆ ಏನೂ ಗೊತ್ತಿಲ್ಲ, ಎಲ್ಲದಕ್ಕೂ ತಲೆ ಹಾಕುತ್ತಾನೆ, ಅವನು ಹೋದ ಕಡೆ ಒಬ್ಬೊಬ್ಬರು ಸಾಯುತ್ತಾರೆ.

ಹ್ಯಾರಿ ಲೈಮ್ ಏನು ಮಾಡಿದ ಎನ್ನುವುದನ್ನು ಹೇಗೆ ತೋರಿಸುತ್ತಾರೆ ನೋಡಿ. ಪೆನಿಸಿಲಿನ್‌ಗೆ ನೀರು ಬೆರೆಸಿ ಮಾರಿದ್ದಾನೆ. ಅದನ್ನು ತೆಗೆದುಕೊಂಡ ಮಕ್ಕಳು ಆಸ್ಪತ್ರೆಯಲ್ಲಿದ್ದಾರೆ. ಮಾರ್ಟಿನ್ಸ್ ತೊಟ್ಟಿಲುಗಳ ನಡುವೆ ನಡೆಯುತ್ತಾನೆ. ಮಕ್ಕಳು ಒಮ್ಮೆಯೂ ಕಾಣುವುದಿಲ್ಲ. ಅವನ ಮುಖ ಕಾಣುತ್ತದೆ. ನರ್ಸ್ ಒಂದು ಗೊಂಬೆ ಕರಡಿಯನ್ನು ತೆಗೆದು ಬಿಸಾಕುತ್ತಾಳೆ. ಅಷ್ಟೇ.

ಸಂಗೀತ ಇಡೀ ಚಿತ್ರದಲ್ಲಿ ಒಂದೇ ವಾದ್ಯ, ಜಿತರ್ ಎಂಬ ತಂತಿವಾದ್ಯ. ನುಡಿಸಿದ ಆಂಟನ್ ಕರಾಸ್ ವಿಯೆನ್ನಾದ ವೈನ್ ಅಂಗಡಿಗಳಲ್ಲಿ ನುಡಿಸಿ ಬದುಕುತ್ತಿದ್ದವರು. ರೀಡ್ ಅವರನ್ನು ಲಂಡನ್ನಿಗೆ ಕರೆತಂದರು. ಆ ರಾಗ ಜಗತ್ತೆಲ್ಲ ಹಾಡಿತು. ಕೊನೆಯ ದೃಶ್ಯದ ಬಗ್ಗೆ ಗ್ರೀನ್ ಮತ್ತು ರೀಡ್ ನಡುವೆ ವಾದವಾಯಿತು. ಹ್ಯಾರಿಯನ್ನು ಪ್ರೀತಿಸಿದ್ದ ಆನಾ ಮಾರ್ಟಿನ್ಸ್‌ನ ಕೈ ಹಿಡಿಯಲಿ ಅನ್ನುವುದು ಗ್ರೀನ್ ಆಸೆ. ರೀಡ್ ಒಪ್ಪಲಿಲ್ಲ. ಸ್ಮಶಾನದ ಉದ್ದ ದಾರಿಯಲ್ಲಿ ಆನಾ ದೂರದಿಂದ ನಡೆದು ಬರುತ್ತಾಳೆ, ಅವನ ಕಡೆ ನೋಡದೆ ದಾಟಿ ಹೋಗುತ್ತಾಳೆ. ರೀಡ್ ಹೇಳಿದ್ದೇ ಸರಿ ಅಂತ ಗ್ರೀನ್ ಆಮೇಲೆ ಬರೆದರು. ದೊಡ್ಡ ಮನಸ್ಸು.

ಸಮಯ ಕಡಿಮೆ ಇದೆ, ಇನ್ನೆರಡು ಬೇಗ ಹೇಳುತ್ತೇನೆ. 1942ರ 'ವೆಂಟ್ ದ ಡೇ ವೆಲ್'. ಇಂಗ್ಲೆಂಡಿನ ಒಂದು ಹಳ್ಳಿಗೆ ಬ್ರಿಟಿಷ್ ಸೈನಿಕರ ವೇಷದಲ್ಲಿ ಜರ್ಮನ್ನರು ಬರುತ್ತಾರೆ. ಚರ್ಚು, ಅಂಚೆ ಕಚೇರಿ, ಟೀ ಕಪ್ಪು ಎಲ್ಲ ನೀವು ನಿರೀಕ್ಷಿಸುವಂತೆಯೇ ಇವೆ. ಆದರೆ ಅಂಚೆ ಕಚೇರಿಯ ಸಾಧು ಹೆಂಗಸು ಕೊಡಲಿ ಎತ್ತುತ್ತಾಳೆ. ನಿರ್ದೇಶಕ ಅಲ್ಬೆರ್ಟೊ ಕವಲ್ಕಾಂಟಿ ಬ್ರೆಜಿಲ್‌ನವರು. ಇನ್ನೊಂದು 1963ರ 'ದಿ ಸರ್ವೆಂಟ್'. ಜೋಸೆಫ್ ಲೋಸಿ ಅಮೆರಿಕದವರು. ಕಮ್ಯುನಿಸ್ಟ್ ಅಂತ ಹಾಲಿವುಡ್ ಹೊರಗಟ್ಟಿದ ಮೇಲೆ ಲಂಡನ್ನಿಗೆ ಬಂದರು, ಮೊದಮೊದಲು ಬೇರೆ ಹೆಸರಿನಲ್ಲಿ ಕೆಲಸ ಮಾಡಿದರು. ಶ್ರೀಮಂತ ಯುವಕನ ಮನೆಗೆ ಆಳಾಗಿ ಸೇರಿದವನು ಮೆಲ್ಲಗೆ ಯಜಮಾನನಾಗುವ ಕತೆ ಇದು. ಡರ್ಕ್ ಬೊಗಾರ್ಡ್ ಆ ಆಳು. ಬಾಗಿಲು ತೆರೆಯುವ, ಗ್ಲಾಸು ಇಡುವ ರೀತಿಯಲ್ಲೇ ಯಾರು ಮೇಲೆ ಯಾರು ಕೆಳಗೆ ಅಂತ ಗೊತ್ತಾಗುತ್ತದೆ. ಇಂಗ್ಲೆಂಡಿನ ಮೇಲುಕೀಳನ್ನು ಇಷ್ಟು ಹತ್ತಿರದಿಂದ ಬಿಡಿಸಿದ ಚಿತ್ರ ಕಡಿಮೆ.

ನನ್ನ ಮಾತಿಗೆ ಎದುರು ನಿಲ್ಲುವ ಚಿತ್ರವೂ ಇದೆ. 1969ರ 'ಕೆಸ್'. ಯಾರ್ಕ್‌ಶೈರ್‌ನ ಬಾರ್ನ್ಸ್‌ಲಿ, ಕಲ್ಲಿದ್ದಲ ಗಣಿಗಳ ಊರು. ಕಾದಂಬರಿ ಬರೆದ ಬ್ಯಾರಿ ಹೈನ್ಸ್ ಆ ಸೀಮೆಯವರು. ಬಿಲ್ಲಿ ಪಾತ್ರದ ಡೇವಿಡ್ ಬ್ರಾಡ್ಲಿ ಅಲ್ಲಿನ ಶಾಲಾ ಹುಡುಗ. ಆಟದ ಮಾಸ್ತರಾಗಿ ಕಾಣುವ ಬ್ರಯಾನ್ ಗ್ಲೋವರ್ ನಿಜಕ್ಕೂ ಮಾಸ್ತರು. ಮಾತು ಪೂರ್ತಿ ಅಲ್ಲಿನದು, ಎಷ್ಟೆಂದರೆ ಅಮೆರಿಕಕ್ಕೆ ಕಳಿಸುವಾಗ ಕೆಲವು ಸಂಭಾಷಣೆಗಳನ್ನು ಮತ್ತೆ ಧ್ವನಿಮುದ್ರಿಸಬೇಕಾಯಿತು. ಇದು ಒಳಗಿನವರದೇ ಚಿತ್ರ. ಆದರೂ ನಿರ್ದೇಶಕ ಕೆನ್ ಲೋಚ್ ಆಗಿನ ಜೆಕ್ ಚಿತ್ರಗಳಿಂದ ಕಲಿತೆ ಅಂತ ಹೇಳಿದ್ದಾರೆ. ದೂರ ನಿಂತು, ಸಹಜ ಬೆಳಕಿನಲ್ಲಿ, ಜನರನ್ನು ಅವರ ಪಾಡಿಗೆ ಬಿಟ್ಟು ನೋಡುವುದು. ತರಗತಿಯಲ್ಲಿ ಬಿಲ್ಲಿಯನ್ನು ಎಬ್ಬಿಸಿ ಮಾತಾಡು ಅನ್ನುವ ದೃಶ್ಯವಿದೆ. ಯಾವುದರಲ್ಲೂ ಮುಂದಿಲ್ಲದ ಹುಡುಗ, ತಾನು ಹಕ್ಕಿಯನ್ನು ಪಳಗಿಸಿದ ಬಗೆ ಹೇಳತೊಡಗುತ್ತಾನೆ. ಮಾಸ್ತರು, ಮಕ್ಕಳು ಎಲ್ಲ ಬೆರಗಾಗಿ ಕೇಳುತ್ತಾರೆ. ಕೊನೆಯನ್ನು ನಾನು ಹೇಳುವುದಿಲ್ಲ, ನೀವೇ ನೋಡಬೇಕು.

ಯಾವುದರಿಂದ ಶುರು ಮಾಡಲಿ ಅಂತ ಮುಂದಿನ ಸಾಲಿನಿಂದ ಒಬ್ಬರು ಕೇಳಿದರು. ಹಳೆಯ ಕಪ್ಪು-ಬಿಳುಪು ಚಿತ್ರಗಳ ಅಭ್ಯಾಸ ಇಲ್ಲದವರು 'ದಿ ಥರ್ಡ್ ಮ್ಯಾನ್' ನೋಡಿ. ಅದಕ್ಕೆ ಎರಡು ಆರಂಭಗಳಿವೆ. ಅಮೆರಿಕಕ್ಕೆ ಕಳಿಸಿದ್ದರಲ್ಲಿ ಶುರುವಿನ ಮಾತು ಮಾರ್ಟಿನ್ಸ್‌ನದು. ಬ್ರಿಟಿಷ್ ಪ್ರತಿಯಲ್ಲಿ ಕ್ಯಾರಲ್ ರೀಡ್ ತಾವೇ ಮಾತಾಡಿದ್ದಾರೆ, ಕಾಳಸಂತೆಯಲ್ಲಿ ಪಳಗಿದ ಅನಾಮಿಕನ ದನಿಯಲ್ಲಿ. ಅದನ್ನೇ ಹುಡುಕಿ. ಬಣ್ಣ ಬೇಕು ಅನ್ನುವವರಿಗೆ 'ಬ್ಲ್ಯಾಕ್ ನಾರ್ಸಿಸಸ್', ಅದನ್ನು ಮೊಬೈಲಿನಲ್ಲಿ ಮಾತ್ರ ನೋಡಬೇಡಿ. ಕರ್ನಲ್ ಬ್ಲಿಂಪ್ ನೋಡುವಾಗ ಅವಧಿ ಗಮನಿಸಿ, ಪೂರ್ತಿ ಚಿತ್ರ 163 ನಿಮಿಷ. ಕತ್ತರಿಸಿದ ಪ್ರತಿಗಳು ಬಹಳ ವರ್ಷ ಓಡಾಡಿದವು, ಅವುಗಳಲ್ಲಿ ಕತೆಯ ಹಿಂದುಮುಂದಿನ ಕಟ್ಟೇ ಕೆಟ್ಟುಹೋಗಿತ್ತು. ಮಾರ್ಟಿನ್ ಸ್ಕೋರ್ಸೆಸಿ ಮತ್ತು ಸಂಗಡಿಗರ ಆಸಕ್ತಿಯಿಂದ ಈಗ ಪೂರ್ತಿ ಬಣ್ಣದಲ್ಲಿ ಸರಿಪಡಿಸಿದ ಪ್ರತಿ ಸಿಗುತ್ತದೆ. ಒಂದು ಭಾನುವಾರ ಮಧ್ಯಾಹ್ನ ಅದಕ್ಕೆ ಕೊಡಿ.